‘ಹೊಡೆಯದೆ ಬಾಯಿ ಬಿಡುತ್ತಾರೆಯೇ?’ ಎನ್ನುವ ಮಗನಿಗೆ ಏನು ಹೇಳಲಿ?

ಪ್ರಶ್ನೆ: ನನ್ನ ಮಗ ಪದವಿ ಮುಗಿಸಿ ಸೇನಾ ಅಧಿಕಾರಿಯಾಗಲು ತಯಾರಿ ನಡೆಸಿದ್ದಾನೆ. ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳ ಬಗ್ಗೆ ಮೊನ್ನೆ ಮನೆಯಲ್ಲಿ ಮಾತು ಬಂತು. ‘ಅದು ನಾಲ್ಕಾರು ಕೆಟ್ಟ ಸೈನಿಕರ ಕೆಲಸ, ಇಡೀ ವ್ಯವಸ್ಥೆಯನ್ನು ದೂರಬಾರದು. ಸೆರೆಸಿಕ್ಕವರನ್ನು ರಕ್ಷಿಸುವ ಜಿನೀವಾ ಒಪ್ಪಂದ ಭಯೋತ್ಪಾದಕರಿಗೆ ಅನ್ವಯಿಸುವುದಿಲ್ಲ. ನಿದ್ದೆಗೆಡಿಸುವುದು, ಗಂಟೆಗಟ್ಟಲೆ ನಿಲ್ಲಿಸುವುದು ಚಿತ್ರಹಿಂಸೆ ಹೇಗಾಗುತ್ತದೆ? ಬಾಂಬ್ ಎಲ್ಲಿದೆ ಎಂದು ಗೊತ್ತಿರುವವನು ಹೊಡೆಯದೆ ಬಾಯಿ ಬಿಡುತ್ತಾನೆಯೇ?’ ಎಂದ. ನನಗೆ ಉತ್ತರ ತೋಚಲಿಲ್ಲ. ಆದರೆ ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಆ ಕೈದಿಗಳಿಗೆ ಕೊನೆಗೂ ನ್ಯಾಯ ಸಿಕ್ಕಿತೇ? ನಾಳೆ ನನ್ನ ಮಗನಿಗೇ ಅಂಥ ಆದೇಶ ಬಂದರೆ ಅವನು ಏನು ಮಾಡಬೇಕು?

ಉತ್ತರ: ನಿಮ್ಮ ಮಗನ ಈ ಮಾತುಗಳು ನನಗೆ ಹೊಸವಲ್ಲ. ಯುದ್ಧಕಾಲದ ಕಾನೂನನ್ನು ಬೋಧಿಸುವುದು, ಕೋರ್ಟ್ ಮಾರ್ಷಲ್ (ಸೇನಾ ನ್ಯಾಯಾಲಯ) ಕಡತಗಳನ್ನೂ ತನಿಖಾ ವರದಿಗಳನ್ನೂ ಓದುವುದು ನನ್ನ ವೃತ್ತಿ. ತರಗತಿಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಕೇಳುವವರು ಕ್ರೂರಿಗಳಲ್ಲ; ಶಿಸ್ತಿನ, ದೇಶದ ಬಗ್ಗೆ ಕಾಳಜಿಯಿರುವ ಹುಡುಗರು. ನಿಮ್ಮನ್ನು ಕಾಡುತ್ತಿರುವುದೂ ಮಗ ಕೆಟ್ಟವನೆಂಬ ಭಯ ಇರಲಾರದು. ಒಳ್ಳೆಯ ಹುಡುಗನನ್ನು ಅಂಥ ಜಾಗದಲ್ಲಿ ನಿಲ್ಲಿಸಿದರೆ ಅವನು ಒಳ್ಳೆಯವನಾಗಿಯೇ ಉಳಿಯುತ್ತಾನೆಯೇ ಎಂಬ ಭಯ ಅದು. ಇಷ್ಟು ವರ್ಷ ಈ ಕಡತಗಳನ್ನು ಓದಿ ನನಗೆ ಮನದಟ್ಟಾಗಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಅವನ ಗುಣವೊಂದನ್ನೇ ಅವಲಂಬಿಸಿಲ್ಲ. ಅವನ ಕೈಗೆ ಕೊಟ್ಟ ನಿಯಮ ಎಷ್ಟು ಖಚಿತವಾಗಿದೆ, ಕೈದಿಯ ಹೆಸರು ದಾಖಲೆ ಪುಸ್ತಕದಲ್ಲಿ ಬರೆದಿದೆಯೇ, ಹೊರಗಿನವರು ಬಂದು ನೋಡುತ್ತಾರೆಯೇ ಎಂಬುದು ಅಷ್ಟೇ ಮುಖ್ಯ.

‘ನಾಲ್ಕಾರು ಕೆಟ್ಟವರ ಕೆಲಸ’ ಎನ್ನುವ ಮಾತಿನಿಂದ ಶುರು ಮಾಡೋಣ. ಅಬು ಘ್ರೈಬ್ ಇರುವುದು ಬಾಗ್ದಾದಿನ ಪಶ್ಚಿಮಕ್ಕೆ, ಸುಮಾರು 32 ಕಿಲೋಮೀಟರ್ ದೂರದಲ್ಲಿ. ಸದ್ದಾಂ ಹುಸೇನ್ ಕಾಲದಲ್ಲಿ ಗಲ್ಲಿಗೂ ಚಿತ್ರಹಿಂಸೆಗೂ ಕುಖ್ಯಾತವಾಗಿದ್ದ ಜಾಗ ಅದು. 2003ರಲ್ಲಿ ಅಮೆರಿಕದ ಸೇನೆ ಅದನ್ನೇ ತನ್ನ ಬಂದೀಖಾನೆಯಾಗಿ ಬಳಸತೊಡಗಿತು. ನೀವು ನೋಡಿದ ಚಿತ್ರಗಳು ಆ ವರ್ಷದ ಕೊನೆಯ ತಿಂಗಳುಗಳವು. ಜಗತ್ತು ಅವನ್ನು ನೋಡಿದ್ದು 2004ರ ಏಪ್ರಿಲ್ 28ರಂದು, ಟಿವಿಯಲ್ಲಿ. ಕಾವಲಿಗಿದ್ದವರು ಮಿಲಿಟರಿ ಪೊಲೀಸ್ ಪಡೆಯ ಮೀಸಲು ಸೈನಿಕರು. ಬಂದೀಖಾನೆ ನಡೆಸುವ ತರಬೇತಿ ಆ ತುಕಡಿಗೆ ಸಿಕ್ಕಿರಲಿಲ್ಲ. ಮಾಜಿ ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಶ್ಲೆಸಿಂಜರ್ ನೇತೃತ್ವದ ಸಮಿತಿ ಕೊಟ್ಟ ಲೆಕ್ಕ ನೋಡಿ: ಭಯೋತ್ಪಾದನೆಯ ಶಂಕಿತರನ್ನು ಇಡಲು ಅಮೆರಿಕ ಕ್ಯೂಬಾದಲ್ಲಿ ತೆರೆದ ಗ್ವಾಂಟನಾಮೊ ಸೆರೆಮನೆಯಲ್ಲಿ ಒಬ್ಬ ಕೈದಿಗೆ ಒಬ್ಬ ಕಾವಲುಗಾರನಿದ್ದರೆ, ಅಬು ಘ್ರೈಬ್‌ನಲ್ಲಿ ಸುಮಾರು 75 ಕೈದಿಗಳಿಗೆ ಒಬ್ಬ. ಸಾಲದೆಂಬಂತೆ ಹೊರಗಿನಿಂದ ಆಗಾಗ ಮೋರ್ಟಾರ್ ದಾಳಿ ನಡೆಯುತ್ತಿತ್ತು.

ಜನ ಸಾಲದ್ದರಿಂದ, ತರಬೇತಿಯಿಲ್ಲದ್ದರಿಂದ ಅವ್ಯವಸ್ಥೆ ಹುಟ್ಟೀತು. ಆದರೆ ಬಟ್ಟೆ ಬಿಚ್ಚಿಸುವುದು, ನಾಯಿ ಛೂ ಬಿಡುವುದು, ತಲೆಗೆ ಚೀಲ ಹಾಕಿ ನಿಲ್ಲಿಸುವುದು ಅವ್ಯವಸ್ಥೆಯಿಂದ ತಾನಾಗಿ ಹುಟ್ಟುವ ಸಂಗತಿಗಳಲ್ಲ. ಅವು ಬಂದ ದಾರಿ ಈಗ ಸ್ಪಷ್ಟವಾಗಿ ಗೊತ್ತಿದೆ. ಶತ್ರುವಿನ ಕೈಗೆ ಸಿಕ್ಕರೆ ತಾಳಿಕೊಳ್ಳುವುದು ಹೇಗೆಂದು ತನ್ನದೇ ಸೈನಿಕರಿಗೆ ಕಲಿಸಲು ಅಮೆರಿಕದ ಸೇನೆ ಒಂದು ತರಬೇತಿ ನಡೆಸುತ್ತದೆ. ಅಲ್ಲಿ ಅಣಕಿಸಿ ತೋರಿಸುತ್ತಿದ್ದ ವಿಧಾನಗಳನ್ನೇ ಗ್ವಾಂಟನಾಮೊದ ಕೈದಿಗಳ ಮೇಲೆ ಬಳಸಲು ಅಲ್ಲಿನ ಅಧಿಕಾರಿಗಳು ಅನುಮತಿ ಕೇಳಿದರು. 2002ರ ಡಿಸೆಂಬರ್ 2ರಂದು ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅವುಗಳಲ್ಲಿ ಹಲವಕ್ಕೆ ಸಹಿ ಹಾಕಿದರು. ನೌಕಾಪಡೆಯ ಮುಖ್ಯ ಕಾನೂನು ಅಧಿಕಾರಿ ಆಲ್ಬರ್ಟೊ ಮೋರಾ ಪಟ್ಟು ಹಿಡಿದು ವಿರೋಧಿಸಿದ ಮೇಲೆ, ಆರು ವಾರಗಳ ಬಳಿಕ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ವಿಧಾನಗಳು ಅಫ್ಘಾನಿಸ್ತಾನಕ್ಕೆ ಹರಡಿದ್ದವು. ಅಲ್ಲಿನ ಬಗ್ರಾಮ್ ನೆಲೆಯಲ್ಲಿ ವಿಚಾರಣೆ ನಡೆಸುತ್ತಿದ್ದ ಗುಪ್ತಚರ ತುಕಡಿಯನ್ನೇ 2003ರಲ್ಲಿ ಅಬು ಘ್ರೈಬ್‌ಗೆ ಕಳುಹಿಸಲಾಯಿತು. ಗ್ವಾಂಟನಾಮೊದ ಮುಖ್ಯಸ್ಥರೂ ಬಂದು ನೋಡಿ, ಕೈದಿಗಳನ್ನು ವಿಚಾರಣೆಗೆ ‘ಹದಗೊಳಿಸುವ’ ಕೆಲಸದಲ್ಲಿ ಕಾವಲುಗಾರರೂ ಕೈಜೋಡಿಸಬೇಕು ಎಂದು ಸಲಹೆ ಕೊಟ್ಟು ಹೋದರು. ಈ ಸಲಹೆ ಸೇನೆಯ ನಿಯಮಕ್ಕೆ ವಿರುದ್ಧ ಎಂದು ತನಿಖೆ ನಡೆಸಿದ ಮೇಜರ್ ಜನರಲ್ ಆಂಟೋನಿಯೊ ಟಗುಬಾ ತಮ್ಮ ವರದಿಯಲ್ಲಿ ನೇರವಾಗಿ ಬರೆದರು. ಇದು ಕೆಲವೇ ಸೈನಿಕರು ತಮ್ಮಷ್ಟಕ್ಕೆ ಮಾಡಿದ್ದಲ್ಲ ಎಂದು ಅಮೆರಿಕದ ಸೆನೆಟ್‌ನ ಸಶಸ್ತ್ರ ಪಡೆಗಳ ಸಮಿತಿ 2008ರಲ್ಲಿ ತೀರ್ಮಾನಿಸಿತು. ಆಗ ಎರಡೂ ಪಕ್ಷದವರು ಆ ಸಮಿತಿಯಲ್ಲಿದ್ದರು.

ಈ ಮಾತು ಬಂದಾಗಲೆಲ್ಲ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 1971ರ ಅಣಕು ಸೆರೆಮನೆಯ ಪ್ರಯೋಗವನ್ನು ಯಾರಾದರೂ ಎತ್ತುತ್ತಾರೆ: ಅಧಿಕಾರ ಕೊಟ್ಟರೆ ಯಾರಾದರೂ ರಾಕ್ಷಸರಾಗುತ್ತಾರೆ ಎನ್ನುವುದಕ್ಕೆ ಅದೇ ಪುರಾವೆ ಎಂದು. ಅದನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿ ಕಾವಲುಗಾರನ ಪಾತ್ರದಲ್ಲಿದ್ದವರಿಗೆ ಗಡುಸಾಗಿರಿ ಎಂದು ಒತ್ತಾಯಿಸಿದ್ದು ಧ್ವನಿಮುದ್ರಣಗಳಲ್ಲಿ ದಾಖಲಾಗಿದೆ. ಎಲ್ಲರೂ ರಾಕ್ಷಸರಾಗುವುದಿಲ್ಲ. ಅಬು ಘ್ರೈಬ್‌ನಲ್ಲೂ ಆಗಲಿಲ್ಲ. ಹಾಗೆ ಆಗದೆ ಉಳಿದವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾನೂನಿನ ಪ್ರಶ್ನೆಯಲ್ಲಿ ಗೊಂದಲಕ್ಕೆ ಅಷ್ಟು ಜಾಗವಿಲ್ಲ. ‘ಯುದ್ಧಕೈದಿ’ ಎಂಬ ಸ್ಥಾನಮಾನ ಎಲ್ಲರಿಗೂ ಸಿಗುವುದಿಲ್ಲ ಎನ್ನುವುದು ನಿಜ. ಆದರೆ ಅದು ಸಿಗದವನು ಕಾನೂನಿನ ಹೊರಗೆ ಬೀಳುತ್ತಾನೆ ಎನ್ನುವುದು ಸುಳ್ಳು. 1949ರ ನಾಲ್ಕೂ ಜಿನೀವಾ ಒಪ್ಪಂದಗಳಿಗೆ ಸಮಾನವಾದ ಮೂರನೆಯ ವಿಧಿ, ವಶಕ್ಕೆ ಸಿಕ್ಕ ಯಾರನ್ನೇ ಆಗಲಿ ಹಿಂಸಿಸಬಾರದು, ಅವಮಾನಿಸಬಾರದು ಎನ್ನುತ್ತದೆ. ಅಲ್ ಖೈದಾಗೆ ಇದು ಅನ್ವಯಿಸದು ಎಂದು ಅಧ್ಯಕ್ಷ ಬುಷ್ 2002ರ ಫೆಬ್ರವರಿಯಲ್ಲಿ ಆದೇಶಿಸಿದ್ದರು. 2006ರ ಜೂನ್‌ನಲ್ಲಿ ಅವರದೇ ದೇಶದ ಸುಪ್ರೀಂ ಕೋರ್ಟ್, ಗ್ವಾಂಟನಾಮೊದ ಕೈದಿ ಹಮ್ದಾನ್ ಹೂಡಿದ ಪ್ರಕರಣದಲ್ಲಿ, ಅನ್ವಯಿಸುತ್ತದೆ ಎಂದಿತು. 1984ರ ಚಿತ್ರಹಿಂಸೆ ವಿರೋಧಿ ಒಪ್ಪಂದವಂತೂ ಯುದ್ಧವನ್ನಾಗಲಿ ಮೇಲಧಿಕಾರಿಯ ಆದೇಶವನ್ನಾಗಲಿ ನೆಪವಾಗಿ ಒಪ್ಪುವುದಿಲ್ಲ. ಇನ್ನೊಂದು ಮಾತನ್ನು ಮಗನಿಗೆ ಮರೆಯದೆ ಹೇಳಿ. ಇರಾಕಿನಲ್ಲಿ ಬಂಧಿಸಿದವರಲ್ಲಿ ಶೇ 70ರಿಂದ 90ರಷ್ಟು ಮಂದಿ ತಪ್ಪಾಗಿ ಸಿಕ್ಕಿಬಿದ್ದವರು ಎಂದು ಸೇನೆಯ ಗುಪ್ತಚರ ಅಧಿಕಾರಿಗಳೇ ತಮಗೆ ಹೇಳಿದ್ದಾಗಿ ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ 2004ರ ವರದಿಯಲ್ಲಿ ಬರೆದಿದೆ. ‘ಭಯೋತ್ಪಾದಕ’ ಎಂಬುದು ಆ ಹಂತದಲ್ಲಿ ಕೇವಲ ಹಿಡಿದು ತಂದವನ ಮಾತು.

ನಿದ್ದೆಗೆಡಿಸುವುದು, ನಿಲ್ಲಿಸುವುದು ಚಿತ್ರಹಿಂಸೆಯೇ ಎಂಬ ಪ್ರಶ್ನೆಗೆ ಒಂದಿಷ್ಟು ಹೆಚ್ಚು ಹೊತ್ತು ಕೊಡಬೇಕು. ವಿದ್ಯಾವಂತರೂ ಎಡವುವ ಜಾಗ ಇದು. 2002ರ ಆ ಕಡತದ ಮೇಲೆ ರಮ್ಸ್‌ಫೆಲ್ಡ್ ತಮ್ಮ ಕೈಯಾರೆ ಒಂದು ಟಿಪ್ಪಣಿ ಬರೆದಿದ್ದಾರೆ: ನಾನು ದಿನಕ್ಕೆ 8–10 ಗಂಟೆ ನಿಂತೇ ಇರುತ್ತೇನೆ, ಇವರನ್ನು ನಿಲ್ಲಿಸುವುದಕ್ಕೆ ನಾಲ್ಕೇ ಗಂಟೆಯ ಮಿತಿ ಏಕೆ? ಕಚೇರಿಯಲ್ಲಿ ನಿಂತು ಕೆಲಸ ಮಾಡುವವನು ಬೇಕೆಂದಾಗ ಕಾಲು ಬದಲಿಸುತ್ತಾನೆ, ನಡೆಯುತ್ತಾನೆ, ಕೂರುತ್ತಾನೆ. ಕೈ ಕಟ್ಟಿಸಿಕೊಂಡು, ಮುಖಕ್ಕೆ ಮುಸುಕು ಹಾಕಿಸಿಕೊಂಡು ನಿಂತವನಿಗೆ ಇದಾವುದೂ ಇಲ್ಲ. ಕಾಲು ಊದುತ್ತದೆ, ನಿದ್ದೆಯಿಲ್ಲದ ಮಿದುಳು ಕಾಣದ್ದನ್ನು ಕಾಣತೊಡಗುತ್ತದೆ, ಇದು ಯಾವಾಗ ಮುಗಿಯುತ್ತದೆ ಎಂದು ತಿಳಿಯದ ಭಯ ಎಲ್ಲಕ್ಕಿಂತ ಹೆಚ್ಚು ಮುರಿಯುತ್ತದೆ. ಉತ್ತರ ಐರ್ಲೆಂಡಿನಲ್ಲಿ 1971ರಲ್ಲಿ ಬ್ರಿಟನ್ ಇಂಥ ಐದು ವಿಧಾನಗಳನ್ನು ಬಳಸಿ, ಮರುವರ್ಷ ಅವನ್ನು ನಿಷೇಧಿಸಿತ್ತು. ಮೂವತ್ತೊಂದು ವರ್ಷಗಳ ನಂತರ ಇರಾಕಿಗೆ ಹೋದ ಬ್ರಿಟಿಷ್ ಸೈನಿಕರಲ್ಲಿ ಹಲವರಿಗೆ ಆ ನಿಷೇಧದ ಅರಿವೇ ಇರಲಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಬಸ್ರಾದ ಹೋಟೆಲೊಂದರ ಸ್ವಾಗತಕಾರ, 26 ವರ್ಷದ ಬಹಾ ಮೂಸಾ ಬ್ರಿಟಿಷರ ವಶದಲ್ಲಿ ಸತ್ತರು. ಮುಸುಕು, ಒಂದೇ ಭಂಗಿಯಲ್ಲಿ ನಿಲ್ಲಿಸುವುದು, ನಿದ್ದೆಗೆಡಿಸುವುದು ಎಂದು ಶುರುವಾದದ್ದು ಒದೆತಕ್ಕೆ ತಿರುಗಿ, ಅವರ ಮೈಮೇಲೆ 93 ಗಾಯಗಳಾಗಿದ್ದವು.

‘ಒಂದೇ ಏಟು’ ಎನ್ನುವುದು ಹೇಗೆ ಕೊಲೆಯಾಗುತ್ತದೆ ಎಂದು ತೋರಿಸಲು ನಾನು ತರಗತಿಯಲ್ಲಿ ತೆಗೆದುಕೊಳ್ಳುವುದು ದಿಲಾವರ್ ಪ್ರಕರಣವನ್ನು. ಅಫ್ಘಾನಿಸ್ತಾನದ ಖೋಸ್ತ್ ಕಡೆಯ 22 ವರ್ಷದ ಟ್ಯಾಕ್ಸಿ ಚಾಲಕ. 2002ರ ಡಿಸೆಂಬರ್‌ನಲ್ಲಿ ಮೂವರು ಪ್ರಯಾಣಿಕರೊಂದಿಗೆ ಹೋಗುತ್ತಿದ್ದಾಗ, ಅಮೆರಿಕದ ನೆಲೆಯೊಂದರ ಮೇಲಿನ ರಾಕೆಟ್ ದಾಳಿಯ ಸಂಶಯದ ಮೇಲೆ ಸ್ಥಳೀಯ ಸಶಸ್ತ್ರ ಗುಂಪೊಂದು ಹಿಡಿದು ಒಪ್ಪಿಸಿತು. ಬಗ್ರಾಮ್‌ನಲ್ಲಿ ಅವನ ಕೈಗಳನ್ನು ಮೇಲಕ್ಕೆ ಸರಪಳಿಯಿಂದ ಕಟ್ಟಿ ನಿಲ್ಲಿಸಿದರು. ಮೊಣಕಾಲಿನ ಮೇಲ್ಭಾಗದ ಪಕ್ಕಕ್ಕೆ ಮೊಣಕಾಲಿನಿಂದ ಗುದ್ದಿದರೆ ಕಾಲು ಜೋಮು ಹಿಡಿಯುತ್ತದೆ. ಕೈದಿಯನ್ನು ಹತೋಟಿಗೆ ತರಲು ಆ ಏಟನ್ನು ಕಾವಲುಗಾರರಿಗೆ ಕಲಿಸಲಾಗಿತ್ತು. ದಿಲಾವರ್ ಏಟು ಬಿದ್ದಾಗ ‘ಅಲ್ಲಾಹ್’ ಎಂದು ಕೂಗಿದ. ಆ ಕೂಗು ಕೇಳುವುದು ಕಾವಲಿನವರಿಗೆ ಆಟವಾಯಿತು. ಪಾಳಿಗೆ ಬಂದವರೆಲ್ಲ ಒಂದೊಂದು ಕೊಟ್ಟು ಹೋದರು. ಒಂದು ದಿನದಲ್ಲಿ ನೂರಕ್ಕೂ ಹೆಚ್ಚು ಬಿದ್ದಿರಬಹುದು ಎಂದು ಸೈನಿಕನೊಬ್ಬ ಆಮೇಲೆ ಹೇಳಿಕೆ ಕೊಟ್ಟ. ಪ್ರತಿಯೊಬ್ಬನ ಲೆಕ್ಕದಲ್ಲಿ ತಾನು ಮಾಡಿದ್ದು ಅಲ್ಪ. ಡಿಸೆಂಬರ್ 10ರಂದು ದಿಲಾವರ್ ಸತ್ತ. ಬಸ್ಸಿನಡಿ ಸಿಕ್ಕವನ ಕಾಲುಗಳಲ್ಲಿ ಇಂಥ ಗಾಯ ನೋಡಿದ್ದೇನೆ ಎಂದು ಸೇನೆಯದೇ ವೈದ್ಯೆ ಸಾಕ್ಷ್ಯ ನುಡಿದರು. ಸಹಜ ಸಾವು ಎಂದು ಸೇನೆ ಮೊದಲು ಹೇಳಿತ್ತು. ಆದರೆ ಮನೆಯವರಿಗೆ ಶವದೊಂದಿಗೆ ಕೊಟ್ಟಿದ್ದ ಮರಣಪತ್ರದಲ್ಲಿ ಇಂಗ್ಲಿಷಿನಲ್ಲಿ ‘ನರಹತ್ಯೆ’ ಎಂದು ಗುರುತು ಹಾಕಿತ್ತು. ಅವರಿಗೆ ಇಂಗ್ಲಿಷ್ ಬಾರದು. ಪತ್ರಕರ್ತೆಯೊಬ್ಬರು ಹಳ್ಳಿಗೆ ಹೋಗಿ ಆ ಕಾಗದವನ್ನು ಓದಿದ ಮೇಲೆಯೇ ಲೋಕಕ್ಕೆ ಗೊತ್ತಾದದ್ದು. ಅವನನ್ನು ಪ್ರಶ್ನಿಸಿದವರಲ್ಲಿ ಹೆಚ್ಚಿನವರಿಗೆ ಅಷ್ಟರಲ್ಲಾಗಲೇ ಅವನು ನಿರಪರಾಧಿ ಎನ್ನಿಸಿತ್ತು.

ಈಗ ಬಾಂಬಿನ ಪ್ರಶ್ನೆ. ಹಿಂಸೆಯಿಂದ ಯಾರೂ ಎಂದೂ ನಿಜ ಹೇಳಿಲ್ಲ ಎಂದು ನಾನು ವಾದಿಸುವುದಿಲ್ಲ. ನೋವು ತಾಳದೆ ಕೆಲವರು ನಿಜವನ್ನೂ ಹೇಳುತ್ತಾರೆ. ಕಷ್ಟ ಏನೆಂದರೆ ಅದೇ ನೋವಿಗೆ ಸುಳ್ಳನ್ನೂ ಹೇಳುತ್ತಾರೆ, ಕೇಳುವವನಿಗೆ ಏನು ಬೇಕೋ ಅದನ್ನೇ ಹೇಳುತ್ತಾರೆ; ಯಾವುದು ಯಾವುದೆಂದು ಪ್ರಶ್ನಿಸುವವನಿಗೆ ತಿಳಿಯುವುದಿಲ್ಲ. ಇಬ್ನ್ ಅಲ್ ಶೇಖ್ ಅಲ್ ಲೀಬಿ ಎಂಬಾತನನ್ನು ಅಮೆರಿಕದ ಗುಪ್ತಚರ ಸಂಸ್ಥೆ ಈಜಿಪ್ಟಿಗೆ ಒಪ್ಪಿಸಿತ್ತು. ಅಲ್ಲಿ ಆತ, ಸದ್ದಾಂ ಸರ್ಕಾರ ಅಲ್ ಖೈದಾಗೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂದು ಹೇಳಿದ. 2003ರ ಫೆಬ್ರವರಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಅದನ್ನೇ ಯುದ್ಧದ ಕಾರಣಗಳಲ್ಲೊಂದಾಗಿ ಮಂಡಿಸಿದರು. ಮರುವರ್ಷ ಆತ ಹೇಳಿಕೆ ಹಿಂತೆಗೆದುಕೊಂಡ: ಹಿಂಸೆ ನಿಲ್ಲಲೆಂದು ಹೇಳಿದ್ದೆ ಎಂದ. ಅಷ್ಟರಲ್ಲಿ ಇರಾಕಿನಲ್ಲಿ ಸಾವಿರಾರು ಜನ ಸತ್ತಾಗಿತ್ತು. ಗ್ವಾಂಟನಾಮೊಗೆ ತಂದ ವಿಧಾನಗಳ ಬೇರನ್ನು ಹುಡುಕಿದರೂ ಇದೇ ಕಾಣುತ್ತದೆ. ಕೊರಿಯಾ ಯುದ್ಧದಲ್ಲಿ ಚೀನೀಯರು ಅಮೆರಿಕದ ವಾಯುಪಡೆಯ ಬಂಧಿತರಿಂದ, ತಾವು ರೋಗಾಣು ಬಾಂಬ್ ಹಾಕಿದೆವೆಂಬ ಸುಳ್ಳು ತಪ್ಪೊಪ್ಪಿಗೆ ಪಡೆಯಲು ಬಳಸಿದ ಕ್ರಮಗಳವು. ಸುಳ್ಳು ಹೇಳಿಸಲು ಹುಟ್ಟಿದ ಉಪಾಯವನ್ನು ನಿಜ ಹೇಳಿಸಲು ಬಳಸಿದರು.

ಬಾಂಬಿನ ಉದಾಹರಣೆ ನಿಲ್ಲಬೇಕಾದರೆ ಎಷ್ಟು ಸಂಗತಿಗಳು ಮೊದಲೇ ಖಚಿತವಾಗಿರಬೇಕು ಎಂದು ಮಗನನ್ನೇ ಎಣಿಸಲು ಹೇಳಿ. ಇವನೇ ಆ ಮನುಷ್ಯ, ಬಾಂಬ್ ಇದ್ದೇ ಇದೆ, ಜಾಗ ಇವನಿಗೆ ಗೊತ್ತು, ಇಷ್ಟೇ ಹೊತ್ತು ಉಳಿದಿದೆ. ಇಷ್ಟೆಲ್ಲ ತಿಳಿದಿರುವವರು ಜಾಗವೊಂದನ್ನು ತಿಳಿಯದಿರುವ ಸಂದರ್ಭ ತೀರ ವಿರಳ. ಸಿಕ್ಕಿಬಿದ್ದವನಿಗೂ ಗಡಿಯಾರದ ಲೆಕ್ಕ ಗೊತ್ತಿರುವುದರಿಂದ, ಅಷ್ಟು ಹೊತ್ತು ತಪ್ಪು ವಿಳಾಸಗಳನ್ನು ಕೊಡುತ್ತಾ ಹೋದರೆ ಅವನಿಗೆ ಸಾಕು. ಸೇನಾ ಬಂದೀಖಾನೆಗಳಲ್ಲಿ ನಡೆದ ಹಿಂಸೆಯ ಬಹುಪಾಲು ಇಂಥ ತುರ್ತಿನಲ್ಲಿ ನಡೆದದ್ದೇ ಅಲ್ಲ. ಹಿಡಿದು ವಾರಗಳು, ತಿಂಗಳುಗಳಾದ ಮೇಲೆ ನಡೆದದ್ದು.

ಹಾಗಾದರೆ ಹೊಡೆಯದೆ ಕೇಳಿದರೆ ಹೇಳುತ್ತಾರೆಯೇ? ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಯ ಹಾನ್ಸ್ ಶಾರ್ಫ್ ಸೆರೆಸಿಕ್ಕ ವಿಮಾನ ಚಾಲಕರೊಂದಿಗೆ ವಾಯುವಿಹಾರಕ್ಕೆ ಹೋಗುತ್ತಾ, ಎಲ್ಲ ತಿಳಿದವನಂತೆ ಮಾತಾಡುತ್ತಾ, ತಾವು ಏನು ಹೇಳಿಬಿಟ್ಟೆವೆಂದು ಅವರಿಗೇ ತಿಳಿಯದಂತೆ ಬೇಕಾದ್ದನ್ನು ಪಡೆಯುತ್ತಿದ್ದ. ಯುದ್ಧ ಮುಗಿದ ಮೇಲೆ ಅಮೆರಿಕದವರೇ ಅವನನ್ನು ಉಪನ್ಯಾಸಕ್ಕೆ ಕರೆಸಿಕೊಂಡರು. ಎದುರಿನ ಪಾಳಯದಲ್ಲಿ, ಜಪಾನಿನಲ್ಲಿ ಪಾದ್ರಿಯಾಗಿದ್ದ ಅಮೆರಿಕದ ಮೇಜರ್ ಶೆರ್ವುಡ್ ಮೊರಾನ್, ಕೈದಿಯ ಭಾಷೆ ತಿಳಿದು, ಅವನ ಗಾಯ ವಿಚಾರಿಸಿ ಮಾತಿಗೆ ತೊಡಗಬೇಕು ಎಂದು 1943ರಲ್ಲೇ ಬರೆದಿಟ್ಟರು. ಇದಕ್ಕೆ ತಾಳ್ಮೆ, ಭಾಷೆ, ತಯಾರಿ ಬೇಕು. ಅವಿಲ್ಲದವನ ಕೈ ಮೇಲೇಳುತ್ತದೆ. ಹಿಂಸೆಯಿಂದ ಆಗುವ ಇನ್ನೊಂದು ನಷ್ಟ ನ್ಯಾಯಾಲಯದಲ್ಲಿ ಕಾಣುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಭಾಗಿಯಾಗಬೇಕಿತ್ತು ಎನ್ನಲಾದ ಮೊಹಮ್ಮದ್ ಅಲ್ ಖಹ್ತಾನಿಯನ್ನು ನ್ಯಾಯವಿಚಾರಣೆಗೆ ಒಳಪಡಿಸಲು, ಗ್ವಾಂಟನಾಮೊ ಕೈದಿಗಳ ಮೊಕದ್ದಮೆ ನಡೆಸುವ ಸೇನಾ ಆಯೋಗದ ಮುಖ್ಯ ಅಧಿಕಾರಿ ಸೂಸನ್ ಕ್ರಾಫರ್ಡ್ ನಿರಾಕರಿಸಿದರು. 2009ರಲ್ಲಿ ಅವರು ಕೊಟ್ಟ ಕಾರಣ, ನಾವು ಅವನಿಗೆ ಚಿತ್ರಹಿಂಸೆ ಕೊಟ್ಟಿದ್ದೇವೆ ಎಂಬುದು.

ನ್ಯಾಯ ಸಿಕ್ಕಿತೇ ಎಂದು ಕೇಳಿದ್ದೀರಿ. ಸ್ವಲ್ಪ, ತಡವಾಗಿ, ಕೆಳಗಿನವರ ಮಟ್ಟದಲ್ಲಿ. ಅಬು ಘ್ರೈಬ್ ಪ್ರಕರಣದಲ್ಲಿ 11 ಸೈನಿಕರಿಗೆ ಶಿಕ್ಷೆಯಾಯಿತು. ಹೆಚ್ಚೆಂದರೆ ಹತ್ತು ವರ್ಷ, ಚಾರ್ಲ್ಸ್ ಗ್ರೇನರ್‌ಗೆ. ಆತ 2011ರಲ್ಲಿ ಹೊರಬಂದ. ಅಲ್ಲಿನ ಮಿಲಿಟರಿ ಪೊಲೀಸ್ ಪಡೆಯ ಮುಖ್ಯಸ್ಥೆಯಾಗಿದ್ದ ಬ್ರಿಗೇಡಿಯರ್ ಜನರಲ್ ಜ್ಯಾನಿಸ್ ಕಾರ್ಪಿನ್ಸ್ಕಿ ಅವರಿಗೆ ಹಿಂಬಡ್ತಿ ಆಯಿತು. ಕೋರ್ಟ್ ಮಾರ್ಷಲ್ ಎದುರಿಸಿದ ಒಬ್ಬನೇ ಅಧಿಕಾರಿ ಕೈದಿಗಳ ಮೇಲಿನ ದೌರ್ಜನ್ಯದ ಆರೋಪಗಳಿಂದ ಖುಲಾಸೆಯಾದರು. 2003ರ ನವೆಂಬರ್‌ನಲ್ಲಿ ಅಲ್ಲಿನ ಸ್ನಾನದ ಕೋಣೆಯಲ್ಲಿ ಕೈಗಳನ್ನು ಹಿಂದಕ್ಕೆ ಕಿಟಕಿಯ ಸರಳಿಗೆ ಬಿಗಿದ ಸ್ಥಿತಿಯಲ್ಲಿ ಸತ್ತ ಮನಾದೆಲ್ ಅಲ್ ಜಮಾದಿಯ ಸಾವಿಗೆ ಇಂದಿಗೂ ಯಾರಿಗೂ ಶಿಕ್ಷೆಯಾಗಿಲ್ಲ. ಆತನನ್ನು ತಂದದ್ದು ಗುಪ್ತಚರ ಸಂಸ್ಥೆ. ಹೆಸರನ್ನು ಸೆರೆಮನೆಯ ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಶವವನ್ನು ಮಂಜುಗಡ್ಡೆಯಲ್ಲಿಟ್ಟು, ಮರುದಿನ ತೋಳಿಗೆ ಡ್ರಿಪ್ ಸೂಜಿ ಚುಚ್ಚಿ, ರೋಗಿಯನ್ನು ಸಾಗಿಸುವಂತೆ ಸ್ಟ್ರೆಚರ್‌ನಲ್ಲಿ ಹೊರಗೆ ಒಯ್ದರು. ಬಹಾ ಮೂಸಾ ಪ್ರಕರಣದಲ್ಲಿ ಒಬ್ಬ ಕಾರ್ಪೊರಲ್‌ಗೆ ಒಂದು ವರ್ಷ ಜೈಲು ಆಯಿತು. ಬ್ರಿಟಿಷ್ ಸರ್ಕಾರ ಆ ಕುಟುಂಬಕ್ಕೂ ಜೊತೆಯ ಬಂಧಿತರಿಗೂ ಸುಮಾರು 28 ಲಕ್ಷ ಪೌಂಡ್ ಪರಿಹಾರ ಕೊಟ್ಟಿತು. ಇತ್ತೀಚಿನ ದೊಡ್ಡ ತೀರ್ಪು 2024ರ ನವೆಂಬರ್‌ನದು. ಅಬು ಘ್ರೈಬ್‌ನಲ್ಲಿ ವಿಚಾರಣೆಗೆ ಜನ ಒದಗಿಸಿದ್ದ ಸಿಎಸಿಐ ಎಂಬ ಖಾಸಗಿ ಕಂಪನಿ ಮೂವರು ಮಾಜಿ ಬಂಧಿತರಿಗೆ ಒಟ್ಟು 4.2 ಕೋಟಿ ಡಾಲರ್ ಕೊಡಬೇಕೆಂದು ವರ್ಜೀನಿಯಾದ ಜ್ಯೂರಿ ಹೇಳಿತು. ಮೊಕದ್ದಮೆ ಹೂಡಿದ್ದು 2008ರಲ್ಲಿ.

ತಡೆಯುವುದು ಯಾವುದು ಎಂದರೆ, ನೋಡಲು ನೀರಸವಾದ ಕೆಲಸಗಳು: ಸೆರೆಹಿಡಿದವನ ಹೆಸರನ್ನು ತಕ್ಷಣ ಬರೆಯುವುದು, ಒಂದು ವಾರದೊಳಗೆ ಅವನು ಮನೆಗೆ ಸುದ್ದಿ ಮುಟ್ಟಿಸುವ ಕಾರ್ಡ್ ಬರೆಯಲು ಬಿಡುವುದು, ಒಳಗೆ ಬರುವಾಗಲೇ ವೈದ್ಯರು ಮೈ ನೋಡಿ ದಾಖಲಿಸುವುದು, ಕಾವಲನ್ನೂ ವಿಚಾರಣೆಯನ್ನೂ ಬೇರೆಬೇರೆ ಇಡುವುದು, ರೆಡ್ ಕ್ರಾಸ್‌ನವರಿಗೆ ಕೈದಿಯೊಂದಿಗೆ ಏಕಾಂತದಲ್ಲಿ ಮಾತಾಡಲು ಬಿಡುವುದು. ಉಕ್ರೇನ್ ಯುದ್ಧದಲ್ಲಿ ಇದರ ಪರಿಣಾಮ ಕಣ್ಣಿಗೆ ಹೊಡೆಯುವಂತಿದೆ. ವಿಶ್ವಸಂಸ್ಥೆಯ ಮಾನವ ಹಕ್ಕು ತಂಡಕ್ಕೆ ರಷ್ಯಾ ತನ್ನ ಶಿಬಿರಗಳಿಗೆ ಪ್ರವೇಶ ಕೊಟ್ಟಿಲ್ಲ. ಅಲ್ಲಿಂದ ಬಿಡುಗಡೆಯಾಗಿ ಬಂದ ಉಕ್ರೇನ್ ಸೈನಿಕರಲ್ಲಿ ಬಹುತೇಕ ಎಲ್ಲರೂ ಚಿತ್ರಹಿಂಸೆ ಅನುಭವಿಸಿದವರು. ಉಕ್ರೇನ್ ವಶದಲ್ಲಿರುವ ರಷ್ಯಾದ ಸೈನಿಕರಿಗೂ ಹೊಡೆತ ಬಿದ್ದದ್ದನ್ನು ಅದೇ ತಂಡ ದಾಖಲಿಸಿದೆ. ಆದರೆ ಅದು ಮುಖ್ಯವಾಗಿ ಹಿಡಿದ ಹೊತ್ತಿನಲ್ಲಿ, ಸಾಗಿಸುವಾಗ. ತಂಡಕ್ಕೆ ಪ್ರವೇಶವಿರುವ ಅಧಿಕೃತ ಶಿಬಿರ ತಲುಪಿದ ಮೇಲೆ ಬಹುಮಟ್ಟಿಗೆ ನಿಂತಿದೆ. ರೆಡ್ ಕ್ರಾಸ್ ಭೇಟಿಗೂ ಮಿತಿಯುಂಟು. ಒಳಗೆ ಹೋಗಲು ಬಿಡಲಿ ಎಂದು ಅದು ಕಂಡದ್ದನ್ನು ಗುಟ್ಟಾಗಿ ಸರ್ಕಾರಕ್ಕಷ್ಟೇ ಹೇಳುತ್ತದೆ. 2003ರ ಅಕ್ಟೋಬರ್‌ನಲ್ಲೇ ಅಬು ಘ್ರೈಬ್‌ನ ಕತ್ತಲ ಕೋಣೆಗಳಲ್ಲಿ ಬೆತ್ತಲೆ ಕೈದಿಗಳನ್ನು ಕಂಡು ಅದು ದೂರಿತ್ತು. ಕೇಳಿಸಿಕೊಂಡವರು ಕದಲಲಿಲ್ಲ.

ಕೊನೆಗೆ ನಿಮ್ಮ ಮಗನ ವಿಷಯ. ಅವನ ಮುಂದೆ ಇರುವ ದಾರಿಗಳು ಬೇರೆಬೇರೆ, ಬೆಲೆಯೂ ಬೇರೆಬೇರೆ. ಮೊದಲನೆಯದು, ಅಸ್ಪಷ್ಟ ಆದೇಶ ಬಂದಾಗ ಅದನ್ನು ಬರಹದಲ್ಲಿ ಕೇಳುವುದು. ‘ಇವನನ್ನು ಸ್ವಲ್ಪ ಹದ ಮಾಡಿ’ ಎಂದವರು ಅದನ್ನೇ ಕಾಗದದಲ್ಲಿ ಬರೆಯಲು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಬಹಳ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ಕೇಳಿದವನಿಗೆ ಕಿರಿಕಿರಿಯವನೆಂಬ ಹೆಸರು ಅಂಟಿಕೊಳ್ಳುತ್ತದೆ. ಅಮೆರಿಕದ ಸೇನೆಯ ಕ್ಯಾಪ್ಟನ್ ಇಯಾನ್ ಫಿಶ್‌ಬ್ಯಾಕ್ ಕೈದಿಗಳ ವಿಷಯದಲ್ಲಿ ನಿಯಮ ಏನೆಂದು 17 ತಿಂಗಳು ಮೇಲಿನವರನ್ನು ಕೇಳಿ, ಉತ್ತರ ಸಿಗದೆ, 2005ರಲ್ಲಿ ಸೆನೆಟರ್ ಜಾನ್ ಮೆಕೇನ್‌ಗೆ ಪತ್ರ ಬರೆದರು. ವಿಯೆಟ್ನಾಂನಲ್ಲಿ ತಾವೇ ಚಿತ್ರಹಿಂಸೆ ಉಂಡಿದ್ದ ಮೆಕೇನ್ ಅದೇ ವರ್ಷ ಬಂಧಿತರ ರಕ್ಷಣೆಯ ಕಾನೂನನ್ನು ಪಾಸು ಮಾಡಿಸಿದರು.

ಎರಡನೆಯದು, ಒಲ್ಲೆ ಎನ್ನುವುದು. ಸ್ಪಷ್ಟವಾಗಿ ಕಾನೂನುಬಾಹಿರವಾದ ಆದೇಶವನ್ನು ಪಾಲಿಸಬೇಕಾಗಿಲ್ಲ. ಪಾಲಿಸಿದವನಿಗೆ ‘ಮೇಲಿನವರು ಹೇಳಿದ್ದರು’ ಎಂಬ ಮಾತು ನ್ಯಾಯಾಲಯದಲ್ಲಿ ರಕ್ಷಣೆ ಕೊಡುವುದಿಲ್ಲ. ಅಬು ಘ್ರೈಬ್‌ನಲ್ಲಿ ವಿಲಿಯಂ ಕಿಂಬ್ರೊ ಎಂಬ ನೌಕಾಪಡೆಯ ಶ್ವಾನದಳದವರು, ಗುಪ್ತಚರ ವಿಭಾಗ ಎಷ್ಟು ಒತ್ತಾಯಿಸಿದರೂ ಕೈದಿಗಳ ವಿಚಾರಣೆಗೆ ತಮ್ಮ ನಾಯಿಯನ್ನು ಬಳಸಲು ಒಪ್ಪಲಿಲ್ಲ. ಟಗುಬಾ ವರದಿ ಅವರನ್ನು ಹೆಸರಿಸಿ ಮೆಚ್ಚಿದೆ. ತಮ್ಮ ನಾಯಿಗಳನ್ನು ಬಳಸಿದ ಇಬ್ಬರಿಗೆ ಶಿಕ್ಷೆಯಾಯಿತು, ಅವರಲ್ಲೊಬ್ಬ ಜೈಲು ಕಂಡ. ಇದರಲ್ಲಿ ಅಪಾಯ ಏನೆಂದರೆ, ನೀವು ಒಲ್ಲೆ ಎಂದರೂ ಕೈದಿಗೆ ಏಟು ತಪ್ಪದಿರಬಹುದು. ಮಾಡಲು ಇನ್ನೊಬ್ಬ ಸಿಗುತ್ತಾನೆ.

ಅದಕ್ಕೇ ಮೂರನೆಯದು, ವರದಿ ಮಾಡುವುದು. ಅಬು ಘ್ರೈಬ್‌ನಲ್ಲಿದ್ದ ಮೀಸಲು ಸೈನಿಕ ಜೋಸೆಫ್ ಡಾರ್ಬಿ 2004ರ ಜನವರಿಯಲ್ಲಿ ಚಿತ್ರಗಳಿದ್ದ ಸಿಡಿಯನ್ನು ಸೇನೆಯ ಅಪರಾಧ ತನಿಖಾ ವಿಭಾಗಕ್ಕೆ ಕೊಟ್ಟದ್ದರಿಂದಲೇ ಎಲ್ಲ ಹೊರಬಂತು. ಹೆಸರು ಗುಟ್ಟಾಗಿರುತ್ತದೆ ಎಂದು ಅವರಿಗೆ ಮಾತು ಕೊಟ್ಟಿದ್ದರು. ಕೆಲವೇ ತಿಂಗಳಲ್ಲಿ, ನೇರ ಪ್ರಸಾರವಾಗುತ್ತಿದ್ದ ಸಂಸತ್ ಸಮಿತಿಯ ವಿಚಾರಣೆಯಲ್ಲಿ ರಮ್ಸ್‌ಫೆಲ್ಡ್ ಅವರೇ ಡಾರ್ಬಿಯ ಹೆಸರನ್ನು ಹೇಳಿಬಿಟ್ಟರು. ಆಗ ಡಾರ್ಬಿ ಇರಾಕಿನಲ್ಲೇ, ನೂರಾರು ಸೈನಿಕರ ನಡುವೆ ಊಟಕ್ಕೆ ಕೂತಿದ್ದರು. ಊರಿನವರು ತಿರುಗಿಬಿದ್ದರು, ಅವರು ಅಲ್ಲಿಗೆ ಹಿಂತಿರುಗಿ ನೆಲೆಸಲಾಗಲಿಲ್ಲ. ಇದನ್ನು ಮಗನಿಂದ ಮುಚ್ಚಿಡಬೇಡಿ. ನನ್ನನ್ನು ಕೇಳಿದರೆ ದೂರು ನೇರ ಮೇಲಧಿಕಾರಿಯಲ್ಲೇ ನಿಲ್ಲಬಾರದು. ಕಾನೂನು ಅಧಿಕಾರಿಗೂ ಘಟಕದ ವೈದ್ಯರಿಗೂ ಲಿಖಿತವಾಗಿ ತಲುಪಬೇಕು. ಏನು ಕಂಡೆ, ಯಾವ ದಿನ, ಯಾರಿದ್ದರು ಎಂದು ಅಂದೇ ಬರೆದಿಡಬೇಕು. ಪತ್ರಿಕೆಗೆ ಹೋಗುವುದು ಉಳಿದೆಲ್ಲ ಬಾಗಿಲು ಮುಚ್ಚಿದ ಮೇಲಿನ ಮಾತು. ಅದರಲ್ಲಿ ನೌಕರಿಯೂ ಹೋಗಬಹುದು, ರಹಸ್ಯ ಕಾಯ್ದೆಯಡಿ ಮೊಕದ್ದಮೆಯೂ ಬೀಳಬಹುದು.

ಆಯ್ಕೆಯಾಗಿ ತರಬೇತಿಗೆ ಹೋದ ದಿನಗಳಲ್ಲೇ ಅವನು ಒಂದು ಪ್ರಶ್ನೆ ಕೇಳಲಿ: ನನ್ನ ತುಕಡಿ ಯಾರನ್ನಾದರೂ ಹಿಡಿದರೆ ಅವನ ಹೆಸರನ್ನು ಎಲ್ಲಿ ಬರೆಯಬೇಕು, ಎಷ್ಟು ಹೊತ್ತಿನೊಳಗೆ ಯಾರಿಗೆ ಒಪ್ಪಿಸಬೇಕು, ಒಪ್ಪಿಸಿದ್ದಕ್ಕೆ ಸಹಿ ಯಾರು ಹಾಕುತ್ತಾರೆ? ತಪ್ಪದೆ ಆ ಸಹಿ ಪಡೆಯುವ ಅಧಿಕಾರಿಯ ಕೈಕೆಳಗೆ ಹೆಸರಿಲ್ಲದ ಕೈದಿ ಇರಲಾರ.